ನಟ ಅಲೆಕ್ ಗಿನ್ನೆಸ್ ನೌಕಾಪಡೆಯಲ್ಲಿ ಕಳೆದ ವರ್ಷಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಇಂಗ್ಲಿಷ್ ಸಿನಿಮಾಗಳ ಬಗ್ಗೆ ಮಾತಿಗೆ ಕೂತಾಗಲೆಲ್ಲ ಅಲೆಕ್ ಗಿನ್ನೆಸ್ ಅವರ ಹೆಸರು ಬಂದೇ ಬರುತ್ತದೆ. ಅವರು ಎರಡನೇ ಮಹಾಯುದ್ಧದಲ್ಲಿ ನೌಕಾಧಿಕಾರಿಯಾಗಿದ್ದರು ಎಂದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಕೆಲವರು ಪತ್ರ ಬರೆದು ಕೇಳಿದ್ದಾರೆ, ಕೆಲವರು ಪ್ರದರ್ಶನ ಮುಗಿದ ಮೇಲೆ ಬಾಗಿಲ ಬಳಿ ನಿಲ್ಲಿಸಿಕೊಂಡು ಕೇಳಿದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಬಹಳ ಜನ ಗುಂಡು, ಪದಕ, ವೀರಗಾಥೆ ಹುಡುಕಿಕೊಂಡು ಬರುತ್ತಾರೆ. ಸಿಗುವುದು ಒಬ್ಬ ತಾತ್ಕಾಲಿಕ ಅಧಿಕಾರಿ ಜನರನ್ನೂ ಸಾಮಾನನ್ನೂ ದಡದಿಂದ ದಡಕ್ಕೆ ದಾಟಿಸಿದ ಕಥೆ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

## ಮೊದಲು ತಿಳಿಯಬೇಕಾದ್ದು

ಯಾರು ಈ ಅಲೆಕ್ ಗಿನ್ನೆಸ್? ಸ್ಟಾರ್ ವಾರ್ಸ್‌ನಲ್ಲಿ ಬರುವ ಗಡ್ಡದ ಅಜ್ಜ ಇವರೇನಾ?

ಹೌದು, ಅವರೇ. ಈಗಿನ ಹುಡುಗರಿಗೆ ಅವರು ಓಬಿ-ವಾನ್ ಕೆನೋಬಿ. ಅವರ ಅಪ್ಪಂದಿರಿಗೆ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಸಿನಿಮಾದಲ್ಲಿ ಸೇತುವೆ ಕಟ್ಟಿಸಿದ ಹಟಮಾರಿ ಕರ್ನಲ್. ಆ ಕರ್ನಲ್ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂತು. ಹುಟ್ಟಿದ್ದು 1914ರ ಏಪ್ರಿಲ್ 2ರಂದು ಲಂಡನ್ನಿನಲ್ಲಿ, ತೀರಿಕೊಂಡದ್ದು 2000ದ ಆಗಸ್ಟ್ 5ರಂದು. ಜಾಹೀರಾತು ಕಂಪನಿಯಲ್ಲಿ ಸಾಲು ಬರೆಯುವ ಕೆಲಸದಿಂದ ಶುರುಮಾಡಿ, ರಂಗಭೂಮಿಗೆ ಬಂದು, 24ನೇ ವಯಸ್ಸಿಗೇ ಓಲ್ಡ್ ವಿಕ್ ತಂಡದಲ್ಲಿ ಹ್ಯಾಮ್ಲೆಟ್ ಆಡಿದವರು.

ಗಿನ್ನೆಸ್ ದಾಖಲೆಗೂ ಇವರಿಗೂ ಏನಾದರೂ ಸಂಬಂಧ ಇದೆಯಾ?

ಇಲ್ಲ. ಆ ದಾಖಲೆ ಪುಸ್ತಕ ಐರ್ಲೆಂಡಿನ ಬಿಯರ್ ಕಂಪನಿಯ ಕಡೆಯಿಂದ 1955ರಲ್ಲಿ ಬಂದದ್ದು. ಇವರ ಜನನ ಪತ್ರದಲ್ಲಿ ತಂದೆಯ ಹೆಸರಿನ ಜಾಗವೇ ಖಾಲಿ. ಗಿನ್ನೆಸ್ ಅನ್ನುವುದು ತಾಯಿ ಇಟ್ಟ ಹೆಸರಿನ ಭಾಗ.

ಅಷ್ಟು ದೊಡ್ಡ ಸ್ಟಾರ್ ಆಗಿದ್ದವರು ಯುದ್ಧಕ್ಕೆ ಯಾಕೆ ಹೋದರು? ಪ್ರಚಾರಕ್ಕಾ?

ಈ ಪ್ರಶ್ನೆಯಲ್ಲಿ ಕಾಲ ಹಿಂದುಮುಂದಾಗಿದೆ. ನೌಕಾಪಡೆಗೆ ಸೇರುವಾಗ ಗಿನ್ನೆಸ್ ಸಿನಿಮಾ ನಟರೇ ಆಗಿರಲಿಲ್ಲ. ಲಂಡನ್ನಿನ ನಾಟಕ ನೋಡುವವರಿಗಷ್ಟೇ ಗೊತ್ತಿದ್ದ ಹೆಸರು ಅದು. ಅವರ ಮೊದಲ ಮುಖ್ಯ ಸಿನಿಮಾ ಪಾತ್ರ ಬಂದದ್ದು ಯುದ್ಧ ಮುಗಿದ ಮೇಲೆ, 1946ರಲ್ಲಿ. ಬ್ರಿಟನ್ನಿನಲ್ಲಿ 1939ರ ಸೆಪ್ಟೆಂಬರಿನಲ್ಲೇ 18ರಿಂದ 41 ವಯಸ್ಸಿನ ಗಂಡಸರನ್ನು ಕಡ್ಡಾಯವಾಗಿ ಸೇನೆಗೆ ಕರೆಯುವ ಕಾಯ್ದೆ ಬಂದಿತ್ತು. ಅಂಗಡಿಯವರು, ಗುಮಾಸ್ತರು, ಮೇಷ್ಟ್ರುಗಳು ಹೋದ ಹಾಗೆ ನಟರೂ ಹೋದರು. ಗಿನ್ನೆಸ್ ಹೋದದ್ದು 1941ರಲ್ಲಿ. ಆಗ ಅವರಿಗೆ 27 ವರ್ಷ, ಮನೆಯಲ್ಲಿ ಹೆಂಡತಿ ಮೆರುಲಾ ಮತ್ತು ಪುಟ್ಟ ಮಗ. ಕ್ಯಾಮೆರಾ ಮುಂದೆ ನಿಲ್ಲಿಸಿ ಫೋಟೊ ತೆಗೆಸಬೇಕು ಅನ್ನುವಷ್ಟು ಹೆಸರಾಂತ ಮುಖ ಅದಾಗಿರಲಿಲ್ಲ.

ಓದಿದವರು ಅಲ್ಲವಾ, ನೇರವಾಗಿ ಅಧಿಕಾರಿಯಾಗಿಯೇ ಸೇರಿಸಿಕೊಂಡರಾ?

ಇಲ್ಲ, ಸಾದಾ ನಾವಿಕನಾಗಿ ಸೇರಿದರು. ಯುದ್ಧಕಾಲದಲ್ಲಿ ಬ್ರಿಟಿಷ್ ನೌಕಾಪಡೆ ಇಟ್ಟುಕೊಂಡಿದ್ದ ಪದ್ಧತಿಯೇ ಹಾಗಿತ್ತು: ಅಧಿಕಾರಿಯಾಗಬಲ್ಲವರು ಎಂದು ಗುರುತಿಸಿದವರೂ ಮೊದಲು ಕೆಳಗಿನ ಡೆಕ್ಕಿನಲ್ಲಿ ಎಲ್ಲರ ಜೊತೆ ಇದ್ದು ಬರಬೇಕು. ಹಗ್ಗ ಕಟ್ಟುವುದು, ಡೆಕ್ ತಿಕ್ಕುವುದು, ತೂಗುಮಂಚದಲ್ಲಿ ಮಲಗುವುದು, ಎಲ್ಲವೂ. ಆಮೇಲೆ ಆಯ್ಕೆ ಮಂಡಳಿಯ ಮುಂದೆ ಹೋಗಿ, ಪಾಸಾದರೆ ತರಬೇತಿ. ಅಂದಿನ ತಾತ್ಕಾಲಿಕ ಅಧಿಕಾರಿಗಳಲ್ಲಿ ಬಹುಪಾಲು ಜನ ತಯಾರಾದದ್ದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೋವ್ ಪಟ್ಟಣದಲ್ಲಿ. ಅಲ್ಲಿ ಊರಿನವರ ಈಜು ಮತ್ತು ಮನರಂಜನೆಗೆಂದು ಹೊಸದಾಗಿ ಕಟ್ಟಿದ್ದ ಕಟ್ಟಡವನ್ನೇ ನೌಕಾಪಡೆ ತೆಗೆದುಕೊಂಡು, ಹಡಗಿಗೆ ಹೆಸರಿಡುವಂತೆ ಎಚ್‌ಎಂಎಸ್ ಕಿಂಗ್ ಆಲ್ಫ್ರೆಡ್ ಎಂದು ಹೆಸರಿಟ್ಟು, ಅಧಿಕಾರಿಗಳನ್ನು ತಯಾರು ಮಾಡುವ ಶಾಲೆ ಮಾಡಿಕೊಂಡಿತ್ತು. ನೆಲಮಾಳಿಗೆಯ ಕಾರು ನಿಲ್ದಾಣ ಮಲಗುವ ಜಾಗವಾಗಿತ್ತು.

1942ರ ಏಪ್ರಿಲಿನಲ್ಲಿ ಗಿನ್ನೆಸ್ ತಾತ್ಕಾಲಿಕ ಸಬ್ ಲೆಫ್ಟಿನೆಂಟ್ ಆದರು, ಮರುವರ್ಷ ಲೆಫ್ಟಿನೆಂಟ್. ಆ 'ತಾತ್ಕಾಲಿಕ' ಅನ್ನುವ ಪದವನ್ನು ಹಗುರಾಗಿ ನೋಡಬೇಡಿ. ಯುದ್ಧ ಮುಗಿಯುವ ತನಕ ಮಾತ್ರ ಎಂದು ಅದರ ಅರ್ಥ. ಆದರೆ ಆ ಅವಧಿಯಲ್ಲಿ ಹೊತ್ತ ಜವಾಬ್ದಾರಿ ಪೂರ್ತಿಯದ್ದು.

ಆರ್‌ಎನ್‌ವಿಆರ್ ಅಂದರೇನು? ಅದು ನಿಜವಾದ ನೌಕಾಪಡೆ ಅಲ್ಲವಂತೆ?

ರಾಯಲ್ ನೇವಲ್ ವಾಲಂಟಿಯರ್ ರಿಸರ್ವ್, ಅಂದರೆ ಸಮುದ್ರದ ಕಸುಬು ಇಲ್ಲದ ಜನಸಾಮಾನ್ಯರಿಂದ ಕಟ್ಟಿದ ಮೀಸಲು ಪಡೆ. ಖಾಯಂ ಅಧಿಕಾರಿಗಳ ತೋಳಿನ ಚಿನ್ನದ ಪಟ್ಟಿ ನೇರ ಇರುತ್ತಿತ್ತು, ಇವರದ್ದು ಅಲೆಯಂತೆ ಬಾಗಿರುತ್ತಿತ್ತು. ಅದಕ್ಕೇ ಇವರನ್ನು 'ಅಲೆಪಟ್ಟಿಯವರು' ಎಂಬರ್ಥದ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಕೆಲವು ಹಳಬರಿಗೆ ಇವರ ಮೇಲೆ ತಾತ್ಸಾರವಿತ್ತು ನಿಜ. ಆದರೆ ಯುದ್ಧ ಬೆಳೆದಂತೆ ಬೆಂಗಾವಲು ಹಡಗುಗಳು, ಟಾರ್ಪಿಡೊ ದೋಣಿಗಳು, ಸೈನ್ಯ ಇಳಿಸುವ ಹಡಗುಗಳು ಬಹುಮಟ್ಟಿಗೆ ಈ ಅಲೆಪಟ್ಟಿಯವರ ಕೈಯಲ್ಲೇ ನಡೆದವು. ಅವರಿಲ್ಲದೆ ಆ ನೌಕಾಪಡೆ ಓಡುತ್ತಿರಲಿಲ್ಲ. ಸಬ್‌ಮರೀನ್‌ಗಳಿಗೆ ಕೂಡ ಕೊನೆಕೊನೆಗೆ ಇಂಥ ಅಧಿಕಾರಿಗಳು ನಾಯಕರಾದರು.

## ಹಡಗು

ಅವರ ಕೈಗೆ ಕೊಟ್ಟದ್ದು ಎಂಥ ಹಡಗು? ದೊಡ್ಡ ಫಿರಂಗಿಯ ಯುದ್ಧನೌಕೆಯಾ?

ಅದು ಹೆಸರೇ ಇಲ್ಲದ ಹಡಗು, ಬರೀ ನಂಬರು: ಎಲ್‌ಸಿಐ 124. ಲ್ಯಾಂಡಿಂಗ್ ಕ್ರಾಫ್ಟ್ ಇನ್‌ಫೆಂಟ್ರಿ ಅನ್ನುವ ಜಾತಿಯದು, ಕಾಲಾಳು ಸೈನಿಕರನ್ನು ಶತ್ರುವಿನ ದಡಕ್ಕೆ ಒಯ್ದು ಇಳಿಸುವುದಕ್ಕೆಂದೇ ಅಮೆರಿಕದಲ್ಲಿ ಅವಸರವಸರವಾಗಿ ಕಟ್ಟಿದ್ದು. ಉದ್ದ ಸುಮಾರು 48 ಮೀಟರ್. ಹೊಟ್ಟೆಯಲ್ಲಿ ಸುಮಾರು 200 ಸೈನಿಕರು, ನಡೆಸುವವರು ಇಪ್ಪತ್ತೈದರ ಆಸುಪಾಸು. ರಕ್ಷಣೆಗೆ ನಾಲ್ಕೈದು ಸಣ್ಣ ಬಂದೂಕು. ತಳ ಬಹುತೇಕ ಚಪ್ಪಟೆ. ಮರಳಿನ ಮೇಲೆ ಹತ್ತಲು ಹಾಗಿರಲೇಬೇಕು, ಆದರೆ ತೆರೆದ ಸಮುದ್ರದಲ್ಲಿ ಅದೇ ತಳ ಹಡಗನ್ನು ತೊಟ್ಟಿಲಿನಂತೆ ತೂಗಿಸುತ್ತದೆ. ಇಂಥದ್ದರಲ್ಲಿ ಅಟ್ಲಾಂಟಿಕ್ ದಾಟಿ ಉತ್ತರ ಆಫ್ರಿಕಾ ಸೇರಬೇಕಿತ್ತು.

ಇದನ್ನು ದಡಕ್ಕೆ ಹಚ್ಚುವ ಕೆಲಸ ಹೇಗೆ ಎಂದು ಒಂದು ಸಲ ಬಿಡಿಸಿ ಹೇಳುತ್ತೇನೆ, ಏಕೆಂದರೆ ಗಿನ್ನೆಸ್ ಅವರ ಯುದ್ಧ ಅಂದರೆ ಮುಖ್ಯವಾಗಿ ಇದೇ. ದಡ ಇನ್ನೂ ದೂರ ಇರುವಾಗಲೇ ಹಡಗಿನ ಹಿಂಬದಿಯಿಂದ ಒಂದು ಲಂಗರು ಇಳಿಬಿಡಬೇಕು. ಉಕ್ಕಿನ ಹಗ್ಗ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಹಡಗು ಮುಂದೆ ನುಗ್ಗುತ್ತದೆ. ಮೂತಿ ಮರಳಿಗೆ ತಾಗಿ ನಿಂತ ಕೂಡಲೇ ಅದರ ಎರಡೂ ಪಕ್ಕದ ಇಳಿಹಲಗೆಗಳನ್ನು ನೀರಿಗೆ ಚಾಚುತ್ತಾರೆ. ಸೈನಿಕರು ಹೊರೆ ಹೊತ್ತು ಅದರ ಮೇಲೆ ಓಡಿಳಿಯುತ್ತಾರೆ. ಅವರು ಇಳಿದ ಹಾಗೆ ಹಡಗು ಹಗುರಾಗಿ ಮೂತಿ ಏಳುತ್ತದೆ. ಆಗ ಹಿಂದಿನ ಲಂಗರಿನ ಹಗ್ಗವನ್ನು ಯಂತ್ರದಿಂದ ಸುತ್ತಿಕೊಳ್ಳುತ್ತಾ, ಎಂಜಿನ್ ಹಿಂದಕ್ಕೆ ಓಡಿಸಿ, ಹಡಗನ್ನು ಮರಳಿನಿಂದ ಕೀಳಬೇಕು. ಲಂಗರು ಬೇಗ ಬಿಟ್ಟರೆ ಹಗ್ಗ ಸಾಲುವುದಿಲ್ಲ, ತಡವಾಗಿ ಬಿಟ್ಟರೆ ಹಿಡಿತ ಸಿಗುವುದಿಲ್ಲ. ಅಲೆ ಪಕ್ಕದಿಂದ ಹೊಡೆದು ಹಡಗು ಅಡ್ಡ ತಿರುಗಿತೋ, ದಡದುದ್ದಕ್ಕೆ ಮಲಗಿಬಿಡುತ್ತದೆ. ಆಮೇಲೆ ಅದು ಗುಂಡು ಹೊಡೆಯುವವರಿಗೆ ಇಟ್ಟ ಗುರಿ. ಇದನ್ನೆಲ್ಲ ಕತ್ತಲಲ್ಲಿ, ದೀಪವಿಲ್ಲದೆ, ಹೆಸರು ಕೂಡ ಗೊತ್ತಿಲ್ಲದ 200 ಜನರ ಜೀವ ಕೈಯಲ್ಲಿಟ್ಟುಕೊಂಡು ಮಾಡಬೇಕು. ಎರಡು ವರ್ಷದ ಹಿಂದೆ ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಂತಿದ್ದವರು ಇದನ್ನು ಕಲಿತರು ಅನ್ನುವುದನ್ನು ನೆನೆದಾಗಲೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ.

ಯುದ್ಧದ ಮಧ್ಯೆ ಅಮೆರಿಕಕ್ಕೆ ಹೋಗಿ ನಾಟಕ ಆಡಿದರು ಅನ್ನುತ್ತಾರಲ್ಲ, ನಿಜವಾ?

ನಿಜ. 1942ರ ಕೊನೆಗೆ ಅವರು ಅಮೆರಿಕದಲ್ಲಿದ್ದಾಗ, ಬ್ರಿಟಿಷ್ ಬಾಂಬರ್ ವಿಮಾನಗಳ ಸಿಬ್ಬಂದಿಯ ಬದುಕನ್ನು ಕುರಿತ ಟೆರೆನ್ಸ್ ರ‍್ಯಾಟಿಗನ್ ಅವರ ನಾಟಕವೊಂದು ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂತು. ಅದರಲ್ಲಿ ಪೈಲಟ್ ಪಾತ್ರ ಮಾಡಲು ನೌಕಾಪಡೆ ರಜೆ ಕೊಟ್ಟಿತು. ಅಮೆರಿಕದ ಜನರಿಗೆ ಬ್ರಿಟನ್ನಿನ ಕಷ್ಟ ಮುಟ್ಟಲಿ ಅನ್ನುವ ಲೆಕ್ಕ. ಲಂಡನ್ನಿನಲ್ಲಿ ಜಯಭೇರಿ ಹೊಡೆದಿದ್ದ ಆ ನಾಟಕ ಅಲ್ಲಿ ಓಡಲಿಲ್ಲ, ಎರಡು ವಾರಕ್ಕೇ ಪರದೆ ಬಿತ್ತು. ಗಿನ್ನೆಸ್ ಮತ್ತೆ ಸಮವಸ್ತ್ರ ಹಾಕಿಕೊಂಡರು.

## ಸಿಸಿಲಿ

ಸಿಸಿಲಿಯಲ್ಲಿ ಇಡೀ ಸೈನ್ಯಕ್ಕಿಂತ ಮೊದಲೇ ದಡ ಮುಟ್ಟಿದರಂತೆ. ಅದೇನು ಕಥೆ?

ಎಲ್ಲರಿಗೂ ಪ್ರಿಯವಾದ ಕಥೆ ಇದು, ಹೇಳಿದವರು ಗಿನ್ನೆಸ್ ಅವರೇ.

1943ರ ಜುಲೈ 10ರ ಬೆಳಗಿನ ಜಾವ ಮಿತ್ರರಾಷ್ಟ್ರಗಳು ಇಟಲಿಯ ಸಿಸಿಲಿ ದ್ವೀಪದ ಮೇಲೆ ಇಳಿದವು. 3,000ಕ್ಕೂ ಹೆಚ್ಚು ಹಡಗು ದೋಣಿಗಳು, ಸುಮಾರು 1,60,000 ಸೈನಿಕರು. ಹಿಂದಿನ ದಿನ ಮಧ್ಯಾಹ್ನದಿಂದಲೇ ಗಾಳಿ ಎದ್ದಿತ್ತು. ಚಪ್ಪಟೆ ತಳದ ಹಡಗುಗಳಲ್ಲಿದ್ದ ಸೈನಿಕರು ವಾಂತಿ ಮಾಡಿಕೊಂಡು ಸುಸ್ತಾಗಿದ್ದರು. ದ್ವೀಪದ ಆಗ್ನೇಯ ತುದಿಯ ಪಸ್ಸೇರೊ ಭೂಶಿರದ ಬಳಿ ಗಿನ್ನೆಸ್ ಹಡಗು ಹಚ್ಚಬೇಕಿತ್ತು. ಇಳಿಯುವ ಹೊತ್ತನ್ನು ಒಂದು ಗಂಟೆ ಮುಂದಕ್ಕೆ ಹಾಕಿದರು. ಆ ಸಂದೇಶ ಎಲ್ಲರಿಗೂ ಹೋಯಿತು, ಎಲ್‌ಸಿಐ 124ಕ್ಕೆ ಮುಟ್ಟಲಿಲ್ಲ. ಗಿನ್ನೆಸ್ ಕೈಗಡಿಯಾರ ನೋಡಿಕೊಂಡು, ಹೇಳಿದ ಹೊತ್ತಿಗೆ ಸರಿಯಾಗಿ, ಒಬ್ಬರೇ ಹೋಗಿ ದಡ ಹತ್ತಿಸಿದರು. ಅಕ್ಕಪಕ್ಕದಲ್ಲಿ ಯಾರೂ ಇಲ್ಲ.

ಬಳಿಕ ಬಂದ ಹಿರಿಯ ನೌಕಾಧಿಕಾರಿಯೊಬ್ಬರು ಸಿಟ್ಟಿನಿಂದ, ಇದೇನು ನಿನ್ನ ನಾಟಕ ಅನ್ನುವ ಧಾಟಿಯಲ್ಲಿ ಗದರಿದರಂತೆ. ಗಿನ್ನೆಸ್ ಕೊಟ್ಟ ಉತ್ತರದ ಸಾರಾಂಶ ಇಷ್ಟು: ಸ್ವಾಮೀ, ನಾನು ನಟ. ಲಂಡನ್ನಿನ ರಂಗಮಂದಿರಗಳಲ್ಲಿ ಎಂಟು ಗಂಟೆಗೆ ಪರದೆ ಏಳುತ್ತದೆ ಎಂದು ಹಾಕಿದ್ದರೆ ಎಂಟಕ್ಕೇ ಏಳುತ್ತದೆ, ಒಂಬತ್ತಕ್ಕಲ್ಲ. ನೌಕಾಪಡೆಯವರು ಇದನ್ನು ನಮ್ಮಿಂದ ಕಲಿಯಬಹುದು.

ಈ ಮಾತಿಗೆ ಎಲ್ಲರೂ ನಗುತ್ತಾರೆ, ನಾನೂ ನಕ್ಕಿದ್ದೇನೆ. ಆದರೆ ಆ ಒಂಟಿ ಗಂಟೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಮುಂದೆ ಶತ್ರುವಿನ ದಡ, ಹಿಂದೆ ಇರಬೇಕಾಗಿದ್ದ ಸಾವಿರಾರು ಹಡಗು ಕಣ್ಣಿಗೆ ಬೀಳುತ್ತಿಲ್ಲ, ಸ್ವಂತ ಕಡೆಯ ಫಿರಂಗಿ ಯಾವ ಗಳಿಗೆಯಲ್ಲಿ ತಲೆಮೇಲೆ ಸುರಿಯುತ್ತದೋ ತಿಳಿಯದು. ತಾನು ತಪ್ಪಿದೆನಾ, ಬೇರೆಯವರು ತಪ್ಪಿದರಾ ಎಂದು ಕೇಳಲು ಮೇಲಿನವರು ಯಾರೂ ಇಲ್ಲ. 29 ವರ್ಷದ ಆ ಮನುಷ್ಯ ಸೈನಿಕರನ್ನು ಇಳಿಸಿದರು. ಹಾಸ್ಯದ ಮಾತು ಆಮೇಲೆ ಬಂದದ್ದು.

ಅಲ್ಲಿ ನಮ್ಮ ಭಾರತದವರು ಯಾರಾದರೂ ಇದ್ದರಾ?

ಇದ್ದರು. ಅಂದಿನ ರಾಯಲ್ ಇಂಡಿಯನ್ ನೇವಿಯ ಸಟ್ಲೆಜ್ ಮತ್ತು ಜಮುನಾ ಎಂಬ ಎರಡು ಸ್ಲೂಪ್ ಹಡಗುಗಳು ಸಿಸಿಲಿ ಕಾರ್ಯಾಚರಣೆಯಲ್ಲಿ ಬೆಂಗಾವಲಿಗಿದ್ದವು. ದಡಕ್ಕೆ ಹೋಗುವ ಹಡಗುಗಳ ಮೇಲೆ ಜರ್ಮನ್ ವಿಮಾನಗಳು ಎರಗದ ಹಾಗೆ ನೋಡಿಕೊಳ್ಳುವುದು ಅವುಗಳ ಕೆಲಸ.

ಇನ್ನೂ ಹತ್ತಿರದ ನಂಟೊಂದಿದೆ. ಮುಂದೆ ಗಿನ್ನೆಸ್ ಅವರ ಹಡಗು ಒಡೆದ ಟೆರ್ಮೊಲಿ ಊರು ಇಟಲಿಯ ಪೂರ್ವ ಕರಾವಳಿಯಲ್ಲಿದೆ. ಅದೇ ಕರಾವಳಿಯಲ್ಲಿ, ಅದಕ್ಕೆ ಸ್ವಲ್ಪವೇ ಉತ್ತರಕ್ಕೆ, ಭಾರತದ 8ನೇ ಡಿವಿಷನ್ 1943ರ ನವೆಂಬರಿನಿಂದ ಟ್ರಿನ್ಯೊ ಮತ್ತು ಸಂಗ್ರೊ ನದಿಗಳನ್ನು ಒಂದಾದ ಮೇಲೊಂದು ದಾಟುತ್ತಾ, ಕೆಸರು ಮತ್ತು ಚಳಿಯಲ್ಲಿ ಹೋರಾಡುತ್ತಿತ್ತು. ಸಂಗ್ರೊ ನದಿಯ ಯುದ್ಧ ಸ್ಮಶಾನದಲ್ಲಿ ದಹನ ಮಾಡಿದ ಭಾರತೀಯ ಸೈನಿಕರ ಹೆಸರು ಕೆತ್ತಿದ ಪ್ರತ್ಯೇಕ ಸ್ಮಾರಕವೇ ಇದೆ. ಇಟಲಿ ಪ್ರವಾಸಕ್ಕೆ ಹೋಗುವ ನಮ್ಮವರು ರೋಮ್, ವೆನಿಸ್ ನೋಡಿ ಬರುತ್ತಾರೆ. ಸಾಧ್ಯವಾದರೆ ಅಲ್ಲಿಗೂ ಒಮ್ಮೆ ಹೋಗಿ.

## ಆಡ್ರಿಯಾಟಿಕ್ ಸಮುದ್ರ

ಸಿಸಿಲಿ ಆದ ಮೇಲೆ ಏನು ಮಾಡಿದರು? ಯುಗೋಸ್ಲಾವಿಯಾಕ್ಕೆ ಸಾಮಾನು ಸಾಗಿಸಿದ್ದು ಅನ್ನುತ್ತಾರೆ.

1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾಯಿತು. ಆಡ್ರಿಯಾಟಿಕ್ ಸಮುದ್ರದ ಆಚೆ ದಡದಲ್ಲಿ, ಯುಗೋಸ್ಲಾವಿಯಾದಲ್ಲಿ, ಕಮ್ಯುನಿಸ್ಟ್ ನಾಯಕ ಟಿಟೊ ಅವರ ಪಾರ್ಟಿಸಾನ್ ಹೋರಾಟಗಾರರು ಜರ್ಮನರ ವಿರುದ್ಧ ನಿಂತಿದ್ದರು. ಅವರಿಗೆ ಬಂದೂಕು, ಮದ್ದುಗುಂಡು, ಔಷಧಿ, ಬಟ್ಟೆ ಬೇಕು. ಗಾಯಾಳುಗಳನ್ನೂ ಹೆಂಗಸರು ಮಕ್ಕಳನ್ನೂ ಆ ಕಡೆಯಿಂದ ಈ ಕಡೆಗೆ ಸುರಕ್ಷಿತವಾಗಿ ತರಬೇಕು. ಜರ್ಮನರು ಒಂದೊಂದೇ ದ್ವೀಪವನ್ನು ಹಿಡಿಯುತ್ತಾ ಬಂದು, 1944ರ ಶುರುವಿನ ಹೊತ್ತಿಗೆ ಅವರ ಕೈಗೆ ಸಿಗದೆ ಉಳಿದ ಮುಖ್ಯ ದ್ವೀಪ ಅಂದರೆ ವಿಸ್ ಒಂದೇ.

ಈ ದಾಟಾಟದಲ್ಲಿ ಗಿನ್ನೆಸ್ ಇದ್ದರು. ಹಗಲು ಹೊರಟರೆ ವಿಮಾನದ ಕಣ್ಣಿಗೆ ಬೀಳುವ ಭಯ, ರಾತ್ರಿ ಹೊರಟರೆ ಬಂಡೆ, ಸಿಡಿಗುಂಡು. ದೊಡ್ಡ ಕದನದ ಪಟ್ಟಿಗಳಲ್ಲಿ ಇಂಥ ಕೆಲಸಕ್ಕೆ ಸಾಲು ಸಿಗುವುದಿಲ್ಲ. ಆದರೆ ಆ ದ್ವೀಪದಿಂದ ದಾಟಿ ಬಂದ ತಾಯಿಗೆ ಕೇಳಿದ್ದರೆ ಯಾವ ಹಡಗು ದೊಡ್ಡದು ಎಂದು ಆಕೆ ಹೇಳುತ್ತಿದ್ದಳು.

ಹಡಗು ಒಡೆದದ್ದು ಹೇಗೆ? ಹಿಂದಿನ ರಾತ್ರಿ ಯಾವುದೋ ದನಿ ಕೇಳಿಸಿತ್ತಂತೆ, ಅದನ್ನು ನಂಬಬಹುದಾ?

1943 ಮುಗಿದು 1944 ಹುಟ್ಟುವ ರಾತ್ರಿ ಆಡ್ರಿಯಾಟಿಕ್‌ನಲ್ಲಿ ಭಾರೀ ಚಂಡಮಾರುತ ಎದ್ದಿತು. ಚಪ್ಪಟೆ ತಳದ ಹಡಗು ಅದರ ಕೈಗೆ ಸಿಕ್ಕಿತು. ಹೇಗೋ ಇಟಲಿಯ ದಡದ ಟೆರ್ಮೊಲಿ ಬಂದರಿನ ತನಕ ತಂದರು, ಆದರೆ ಅಲ್ಲಿ ಎಲ್‌ಸಿಐ 124 ಬಡಿದುಕೊಂಡು ನಾಶವಾಯಿತು. ಹಡಗು ಬಿಟ್ಟು ಇಳಿಯಿರಿ ಎಂದು ಆಜ್ಞೆ ಕೊಡಬೇಕಾಯಿತು. ಹಡಗಿನ ನಾಯಕನಾದವನ ಬಾಯಲ್ಲಿ ಬರುವ ಅತಿ ಕಷ್ಟದ ಮಾತು ಅದು.

ದನಿಯ ವಿಷಯ: ಆ ಅವಘಡಕ್ಕೆ ಮುಂಚೆ ತಾವು ಮಲಗಿದ್ದಾಗ 'ನಾಳೆ' ಎಂದು ಒಂದು ಕೆಟ್ಟ ದನಿ ಸ್ಪಷ್ಟವಾಗಿ ಹೇಳಿದಂತಾಯಿತು, ನಾಳೆ ನನ್ನ ಸಾವು ಎಂದು ಅರ್ಥ ಮಾಡಿಕೊಂಡೆ ಎಂದು ಗಿನ್ನೆಸ್ ಮುಂದೆ ಬರೆದುಕೊಂಡರು. ಅಲೌಕಿಕವೋ, ದಣಿದ ಮನಸ್ಸಿನ ಆಟವೋ ಎಂದು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ತಿಂಗಳುಗಟ್ಟಲೆ ಸರಿಯಾದ ನಿದ್ದೆ ಇಲ್ಲದೆ ಜವಾಬ್ದಾರಿ ಹೊತ್ತವರಿಗೆ ಇಂಥದ್ದು ಕೇಳಿಸುವುದು ಅಚ್ಚರಿಯಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಇಂದು ನಾನು ಸಾಯುತ್ತೇನೆ ಎಂದು ಒಳಗೇ ನಂಬಿಕೊಂಡ ಮನುಷ್ಯ ಹೊರಗೆ ಅದನ್ನು ತೋರಿಸದೆ ಆ ಬಿರುಗಾಳಿಯಲ್ಲಿ ಹಡಗು ನಡೆಸಿದರು. ದೇವರು, ಧರ್ಮ ಅವರ ಮನಸ್ಸಿನಲ್ಲಿ ಸದಾ ಇದ್ದ ವಿಷಯ. 1956ರಲ್ಲಿ ಅವರು ಕ್ಯಾಥೊಲಿಕ್ ಪಂಥಕ್ಕೆ ಸೇರಿದರು. ಅವರ ಆ ದಾರಿಯನ್ನು ಬಲ್ಲವರು ಈ ದನಿಯ ಮಾತನ್ನು ತಳ್ಳಿಹಾಕುವುದಿಲ್ಲ.

ಇಷ್ಟಕ್ಕೆಲ್ಲ ಪದಕ ಏನು ಸಿಕ್ಕಿತು?

ಶೌರ್ಯ ಪದಕ ಸಿಗಲಿಲ್ಲ. 1959ರಲ್ಲಿ ಬಂದ 'ಸರ್' ಪದವಿ ನಟನೆಗೆ ಬಂದದ್ದು, ಯುದ್ಧಕ್ಕಲ್ಲ.

## ಇನ್ನೂ ಕೆದಕಿ ಕೇಳುವವರಿಗೆ

ಬೇರೆ ನಟರೂ ನೌಕಾಪಡೆಯಲ್ಲಿದ್ದರಲ್ಲ? ಅವರ ಜೊತೆ ಹೋಲಿಸಿದರೆ ಇವರದ್ದು ಕಡಿಮೆ ಅಲ್ಲವಾ?

ಇದ್ದರು, ಬಹಳ ಜನ. ಅಮೆರಿಕದ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಜೂನಿಯರ್ ಶತ್ರುವಿಗೆ ಮಂಕುಬೂದಿ ಎರಚುವ ವಿಶೇಷ ದಳವನ್ನೇ ಹುಟ್ಟುಹಾಕಿಸಿದರು. ಸಣ್ಣ ದೋಣಿಗಳಲ್ಲಿ ಭಾರೀ ಧ್ವನಿವರ್ಧಕ, ಹೊಗೆ ಯಂತ್ರ ಇಟ್ಟುಕೊಂಡು, ಇಲ್ಲದ ಕಡೆ ದೊಡ್ಡ ಸೈನ್ಯ ಇಳಿಯುತ್ತಿದೆ ಅನ್ನಿಸುವುದು ಆ ದಳದ ಕೆಲಸ. ಗಿನ್ನೆಸ್ ಇಳಿದ ಅದೇ ಸಿಸಿಲಿಯ ಇನ್ನೊಂದು ಮಗ್ಗುಲಲ್ಲಿ ಆ ದಳ ಮೊದಲ ಬಾರಿಗೆ ಕೆಲಸ ಮಾಡಿತು. ಎಡ್ಡಿ ಆಲ್ಬರ್ಟ್ 1943ರ ನವೆಂಬರಿನಲ್ಲಿ ಪೆಸಿಫಿಕ್‌ನ ಟರಾವಾ ದ್ವೀಪದಲ್ಲಿ ಗುಂಡಿನ ಮಳೆಯ ನಡುವೆ ದೋಣಿ ನುಗ್ಗಿಸಿ ನೀರಿನಲ್ಲಿ ಸಿಕ್ಕಿಬಿದ್ದಿದ್ದ 47 ಸೈನಿಕರನ್ನು ಎತ್ತಿ ತಂದರು. ಬ್ರಾಂಜ್ ಸ್ಟಾರ್ ಪದಕ ಬಂತು. ಬ್ರಿಟನ್ನಿನ ಲಾರೆನ್ಸ್ ಒಲಿವಿಯರ್, ರಾಲ್ಫ್ ರಿಚರ್ಡ್‌ಸನ್ ಇಬ್ಬರೂ ನೌಕಾಪಡೆಯ ವಿಮಾನ ವಿಭಾಗದಲ್ಲಿದ್ದರು. ಜಾನ್ ಪರ್ಟ್‌ವಿ ಹುಡ್ ಹಡಗಿನಿಂದ ವರ್ಗವಾಗಿ ಇಳಿದ ಸ್ವಲ್ಪ ದಿನಕ್ಕೇ, 1941ರ ಮೇ 24ರಂದು, ಅದು ಮುಳುಗಿ 1,400ಕ್ಕೂ ಹೆಚ್ಚು ಜನ ಸತ್ತರು, ಬದುಕಿದವರು ಮೂವರೇ.

ಇವರನ್ನು ತಕ್ಕಡಿಗೆ ಹಾಕಿ ತೂಗುವುದು ನನಗೆ ಒಗ್ಗದು. ಎಡ್ಡಿ ಆಲ್ಬರ್ಟ್ ಮಾಡಿದ್ದಕ್ಕೆ ಕೈಮುಗಿಯಬೇಕು. ಅದರಿಂದ, ವರ್ಷಗಟ್ಟಲೆ ಒಂದೇ ದಾರಿಯಲ್ಲಿ ಹೋಗಿ ಬಂದು ಮಾಡಿದವರ ಕೆಲಸ ಸಣ್ಣದಾಗುವುದಿಲ್ಲ.

ನೌಕಾಪಡೆಯ ಅನುಭವ ಅವರ ನಟನೆಯಲ್ಲಿ ಎಲ್ಲಾದರೂ ಕಾಣುತ್ತದಾ?

ಹಡಗಿನ ಪಾತ್ರಗಳನ್ನು ನೋಡಿ ಹೇಳುವುದಾದರೆ, 1957ರಲ್ಲಿ ಸಮುದ್ರ ಕಂಡರೆ ವಾಂತಿ ಬರುವ ನೌಕಾಧಿಕಾರಿಯಾಗಿ ನಗಿಸಿದ್ದಾರೆ, 1962ರಲ್ಲಿ ನೆಪೋಲಿಯನ್ ಕಾಲದ ಗಂಭೀರ ಕ್ಯಾಪ್ಟನ್ ಆಗಿದ್ದಾರೆ. ಆದರೆ ನಾನು ಅದನ್ನು ಹುಡುಕುವುದು ಬೇರೆ ಕಡೆ. ಅವರು ಅಧಿಕಾರಸ್ಥರ ಪಾತ್ರ ಮಾಡಿದಾಗಲೆಲ್ಲ ದನಿ ಏರಿಸುವುದಿಲ್ಲ. ಆಜ್ಞೆ ಕೊಟ್ಟು, ಕೊಟ್ಟ ಆಜ್ಞೆ ಸರಿಯೋ ತಪ್ಪೋ ಎಂದು ಒಳಗೇ ಅಳೆಯುವ ಒಂದು ಗಳಿಗೆ ಅವರ ಕಣ್ಣಿನಲ್ಲಿ ಹಾದುಹೋಗುತ್ತದೆ. ಕ್ವಾಯ್ ಚಿತ್ರದ ಕರ್ನಲ್‌ನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಅದೇ ಚಿತ್ರದಲ್ಲಿ ತಗಡಿನ ಗೂಡಿನಿಂದ ಹೊರಬಂದು ಕರ್ನಲ್ ತಡವರಿಸುತ್ತಾ ನಡೆಯುತ್ತಾನಲ್ಲ, ಆ ನಡಿಗೆ ಮಾತ್ರ ಯುದ್ಧದ್ದಲ್ಲ. ಪೋಲಿಯೊದಿಂದ ಚೇತರಿಸಿಕೊಳ್ಳುತ್ತಿದ್ದ ಸ್ವಂತ ಮಗ ನಡೆದಂತೆ ನಡೆದದ್ದು.

ಅವರು ಬೆಂಗಳೂರಿಗೆ ಬಂದಿದ್ದರು ಅನ್ನುವುದು ನಿಜವಾ?

ನಿಜ. ಇ.ಎಂ. ಫಾರ್ಸ್ಟರ್ ಅವರ ಕಾದಂಬರಿಯನ್ನು ಆಧರಿಸಿ ಡೇವಿಡ್ ಲೀನ್ ತೆಗೆದ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಬಹುಭಾಗ ನಡೆದದ್ದು ನಮ್ಮಲ್ಲೇ. ಚಂದ್ರಾಪುರ ಊರನ್ನು ಬೆಂಗಳೂರು ಅರಮನೆಯ ಆವರಣದಲ್ಲಿ ಕಟ್ಟಿದರು. ಗುಹೆಗಳ ದೃಶ್ಯಕ್ಕೆ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟದ ಬಂಡೆಗಳು ಬಂದವು. ಗಿನ್ನೆಸ್ ಅದರಲ್ಲಿ ಪ್ರೊಫೆಸರ್ ಗೋಡ್‌ಬೋಲೆ. ಮೈಗೆ ಕಂದು ಬಣ್ಣ ಬಳಿದು ಇಂಗ್ಲಿಷಿನವರೊಬ್ಬರಿಂದ ಬ್ರಾಹ್ಮಣ ಪ್ರೊಫೆಸರ್ ಪಾತ್ರ ಮಾಡಿಸಿದ್ದು ಆಗಲೂ ಟೀಕೆಗೆ ಒಳಗಾಯಿತು, ಆ ಟೀಕೆ ನ್ಯಾಯವಾದದ್ದು. ನಮ್ಮಲ್ಲಿ ಆ ಪಾತ್ರ ಮಾಡಬಲ್ಲ ನಟರಿಗೆ ಬರವಿರಲಿಲ್ಲ. ಅವರು ಶ್ರಮಪಟ್ಟು ಕಲಿತ ಕುಣಿತದ ದೃಶ್ಯವನ್ನು ಲೀನ್ ಕತ್ತರಿಸಿದರು, ಅದರಿಂದ ಗಿನ್ನೆಸ್ ಬಹಳ ನೊಂದರು. ಯುದ್ಧದಿಂದ ಹಿಂತಿರುಗಿದವರಿಗೆ 1946ರಲ್ಲಿ ಮೊದಲ ದೊಡ್ಡ ಪಾತ್ರ ಕೊಟ್ಟದ್ದು ಇದೇ ಲೀನ್. ಇದು ಅವರಿಬ್ಬರ ಆರನೆಯ ಮತ್ತು ಕೊನೆಯ ಚಿತ್ರ.

ಚಿತ್ರ ತೆರೆಗೆ ಬಂದದ್ದು 1984ರ ಡಿಸೆಂಬರಿನಲ್ಲಿ. ಅವರ ಆತ್ಮಕಥನ ಬಂದದ್ದು 1985ರಲ್ಲಿ. ಸಿಸಿಲಿಯ ಆ ಬೆಳಗಿನ ಜಾವ, ಟೆರ್ಮೊಲಿಯ ಬಿರುಗಾಳಿ, ಆ 'ನಾಳೆ' ಅನ್ನುವ ದನಿ, ಎಲ್ಲ ಅದರಲ್ಲಿವೆ. ಎಪ್ಪತ್ತರ ಹೊಸ್ತಿಲಲ್ಲಿದ್ದ ಗಿನ್ನೆಸ್ ನಮ್ಮಲ್ಲಿಗೆ ಬಂದದ್ದು ಆ ಪುಸ್ತಕ ಹೊರಬರುವುದಕ್ಕೆ ಸ್ವಲ್ಪ ಮುಂಚೆ.